ಹಣೆಗೆ ಬಡಿದ ಚೆಂಡುಗಳು

ಶನಿವಾರ ಮಧ್ಯಾಹ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಹಳೆಯ ಚಮಚವೊಂದರ ಹಿಡಿಯಿಂದ ಮಗಳ ಫುಟ್‌ಬಾಲ್ ಬೂಟಿನ ಅಡಿಯ ಕೆಸರು ಕೆರೆಯುವುದು ನನಗೆ ಪ್ರಿಯವಾದ ಕೆಲಸ ಎಂದರೆ ನೀವು ನಗಬಹುದು. ನಾವಿರುವ ಡ್ರೋಹೆಡಾ ಊರಿನ ಮಣ್ಣು ನಮ್ಮ ಗದಗದ ಎರೆಮಣ್ಣಿಗೆ ದೂರದ ನೆಂಟನೇ ಇರಬೇಕು. ಒಮ್ಮೆ ಹಿಡಿದರೆ ಬಿಡುವ ಜಾತಿಯಲ್ಲ. ಹತ್ತಿ ಹಿಂಜುವ ಮನೆತನದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ ಬೆಳೆದು, ಮದುವೆಯಾಗಿ ಐರ್ಲೆಂಡಿಗೆ ಬಂದ ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಬೇರೆಯವರು ಬರೆದದ್ದನ್ನು ತೆರೆದು, ಎಲ್ಲಿ ಕೈಕೊಡುತ್ತದೆಂದು ತೋರಿಸಿ, ತಿದ್ದಿಕೊಳ್ಳಿ ಎಂದು ಚೊಕ್ಕದಾಗಿ ಬರೆದು ಕಳಿಸುವುದು. ಆ ಕಸುಬು ಕಚೇರಿಯ ಹೊತ್ತು ಮುಗಿದ ಮೇಲೂ ಮೈಯಲ್ಲೇ ಉಳಿದು ಸ್ವಭಾವವಾಗಿಬಿಟ್ಟಿತ್ತೆಂದು ನನಗೆ ತಿಳಿದದ್ದು ಕಳೆದ ವರ್ಷ, ಮಗಳ ಕೋಚ್ ಆಗ್ರೋನ್ ಅವರ ದೆಸೆಯಿಂದ. ತಿಳಿದ ರೀತಿ ಹೇಗಿತ್ತೆಂದರೆ, ಇವತ್ತಿಗೂ ಆ ಸಂಜೆಯನ್ನು ನೆನೆದರೆ ನನ್ನ ಕೈ ಚಮಚ ಹಿಡಿದಲ್ಲೇ ನಿಂತುಬಿಡುತ್ತದೆ.

ಆಗ್ರೋನ್ ಅಲ್ಬೇನಿಯಾದವರು, ಐವತ್ತು ದಾಟಿದವರು. ಬೆಳಿಗ್ಗೆ ಬೇಕರಿಯೊಂದರ ವ್ಯಾನಿನಲ್ಲಿ ಅಂಗಡಿಗಳಿಗೆ ಬ್ರೆಡ್ಡು ಹಂಚಿ, ಸಂಜೆ ನಮ್ಮ ಬಡಾವಣೆಯ ಹೆಣ್ಣುಮಕ್ಕಳ ತಂಡಕ್ಕೆ ಸಂಬಳವಿಲ್ಲದೆ ಆಟ ಕಲಿಸುತ್ತಿದ್ದರು. ಒಂದು ಕಾಲದಲ್ಲಿ ತಮ್ಮ ದೇಶದ ದೊಡ್ಡ ತಂಡದಲ್ಲಿ ರಕ್ಷಣೆಯ ಸಾಲಿನಲ್ಲಿ ಆಡಿದವರೆಂದು, ಕೆಲವು ಸಲ ದೇಶದ ಅಂಗಿಯನ್ನೂ ತೊಟ್ಟವರೆಂದು ನಮಗೆ ಗೊತ್ತಾದದ್ದು ಅವರ ಬಾಯಿಂದಲ್ಲ. ಹುಡುಗಿಯರು ಎಲ್ಲಿಂದಲೋ ಒಂದು ಮಸುಕಾದ ವಿಡಿಯೋ ಹುಡುಕಿ ತೆಗೆದಿದ್ದರು. ಅದರಲ್ಲಿ ಮಳೆ, ಜನ ಕಿಕ್ಕಿರಿದ ಮೈದಾನ, ಹಣೆಗೆ ರಕ್ತ ಜಿನುಗುವ ಪಟ್ಟಿ ಕಟ್ಟಿಕೊಂಡ ಯುವಕನೊಬ್ಬ ಎಲ್ಲರಿಗಿಂತ ಎತ್ತರಕ್ಕೆ ನೆಗೆದು, ಆ ಪಟ್ಟಿಯಿಂದಲೇ ಚೆಂಡನ್ನು ಗೋಲಿನೊಳಕ್ಕೆ ಗುದ್ದುತ್ತಾನೆ. ಕೆಳಗೆ ಬೀಳುತ್ತಾನೆ. ಏಳುವುದಿಲ್ಲ. ಅವನ ಮೇಲೆ ಹತ್ತು ಜನ ಬಿದ್ದು ಕುಣಿಯುತ್ತಾರೆ.

"ಮಾಮ್, ಲುಕ್, ದಟ್ಸ್ ಹಿಮ್!" ಎಂದು ನನ್ನ ಮಗಳು ಆಫ್ರೀನ್ ಅದನ್ನು ಹತ್ತು ಸಲ ತೋರಿಸಿದ್ದಳು. ಹದಿನಾಲ್ಕರ ಹುಡುಗಿ, ನಾನು ಕನ್ನಡದಲ್ಲಿ ಕೇಳಿದರೆ ಇಲ್ಲಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

ಅಷ್ಟು ಎತ್ತರಕ್ಕೆ ನೆಗೆದ ಮನುಷ್ಯ, ತನ್ನ ತಂಡದ ಒಬ್ಬ ಹುಡುಗಿಗೂ ತಲೆಯಿಂದ ಚೆಂಡು ಹೊಡೆಯುವುದನ್ನು ಕಲಿಸುತ್ತಿರಲಿಲ್ಲ. ಕಲಿಸದಿದ್ದರೆ ಹೋಗಲಿ, ಹೊಡೆಯಲೂ ಬಿಡುತ್ತಿರಲಿಲ್ಲ. ಚೆಂಡು ಎತ್ತರದಲ್ಲಿ ಬಂದರೆ "ಬಿಡಿ! ಬಿಡಿ!" ಎಂದು ಗೆರೆಯಾಚೆಯಿಂದ ಕೂಗುವರು. ನಮ್ಮ ಹುಡುಗಿಯರು ನೆಲದ ಮೇಲೆ ಎಷ್ಟು ಚೆಂದ ಆಡಿದರೂ, ಎದುರಾಳಿ ಮೂಲೆಯಿಂದ ಚೆಂಡನ್ನು ಎತ್ತಿ ಒದ್ದರೆ ಮುಗಿಯಿತು, ನಮ್ಮವರು ಮಳೆ ಬಂತೇ ಎಂದು ನೋಡುವವರ ಹಾಗೆ ನಿಲ್ಲುವರು. ಏಪ್ರಿಲ್‌ನ ಸೆಮಿಫೈನಲನ್ನು ಹಾಗೆಯೇ, ಕೊನೆಯ ಗಳಿಗೆಯಲ್ಲಿ, ಸೋತೆವು. ಆಫ್ರೀನ್ ಕಾರಿನಲ್ಲಿ ಇಡೀ ದಾರಿ ಅತ್ತಳು.

ಆ ಭಾನುವಾರ ನಾನು ಪತ್ರ ಬರೆದೆ. ಬೇರೆ ತಾಯ್ತಂದೆಯರೂ ಗೊಣಗುತ್ತಿದ್ದರು ನಿಜ. ಆದರೆ ಗೊಣಗಾಟವನ್ನು ದೂರಾಗಿ ಹೆಣೆದವಳು ನಾನು. ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ಒಂದೂ ಕಟುಪದವಿಲ್ಲದೆ, ಆಗ್ರೋನ್ ಅವರು ಮಕ್ಕಳಿಗೆ ಆಟದ ಒಂದು ಅಂಗವನ್ನೇ ನಿರಾಕರಿಸುತ್ತಿದ್ದಾರೆ, ಕಾರಣ ಕೇಳಿದರೆ ಹೇಳುವುದಿಲ್ಲ, ಇದು ಹಟವೆಂದು ಕಾಣುತ್ತದೆ, ದಯವಿಟ್ಟು ಬೇರೆ ವ್ಯವಸ್ಥೆಯನ್ನು ಪರಿಶೀಲಿಸಿ ಎಂದು ಕ್ಲಬ್ಬಿನ ಸಮಿತಿಗೆ ಬರೆದು, ಎಲ್ಲರ ಹೆಸರು ಸೇರಿಸಿ ಕಳಿಸಿದೆ. ಕಳಿಸಿದ ಮೇಲೆ ನನ್ನ ಗಂಡ ಇಮ್ತಿಯಾಜ್‌ಗೆ ಓದಿ ಹೇಳಿದೆ. ಅವನು ಪಾತ್ರೆ ಒರೆಸುತ್ತಾ ಕೇಳಿಸಿಕೊಂಡ.

"ಚೆನ್ನಾಗ್ ಬರ್ದಿದೀಯ. ಆದ್ರೆ ಕಾರಣ ಕೇಳಿದ್ರೆ ಹೇಳಲ್ಲ ಅಂತ ಬರ್ದಿದೀಯಲ್ಲ, ಯಾರು ಕೇಳಿದ್ರು?"

"ಎಲ್ರೂ ಕೇಳಿದಾರೆ."

"ನೀನ್ ಕೇಳಿದ್ಯಾ?"

ನಾನು ಕೇಳಿರಲಿಲ್ಲ. ಚಳಿಗೆ ನಡುಗುತ್ತಾ ಗೆರೆಯ ಬಳಿ ನಿಂತ ಆ ಮನುಷ್ಯನಿಗೆ ನಾಲ್ಕು ವರ್ಷ ನನ್ನ ಫ್ಲಾಸ್ಕಿನಿಂದ ಏಲಕ್ಕಿ ಚಹಾ ಬಗ್ಗಿಸಿ ಕೊಟ್ಟಿದ್ದೆ. ಇದೊಂದು ಮಾತನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಸಮಿತಿ ಅವರನ್ನು ಕರೆಸಿತು. ಅವರು ಅಲ್ಲಿಯೂ ಕಾರಣ ಹೇಳಲಿಲ್ಲವಂತೆ. ನನ್ನ ಮೈದಾನದಲ್ಲಿ ತಲೆ ಇಲ್ಲ, ಕಾಲು ಮಾತ್ರ, ಅಂದರಂತೆ. ಆಗಸ್ಟಿಗೆ ಹೊಸ ಕೋಚ್ ಬರುವರೆಂದು ತೀರ್ಮಾನವಾಯಿತು. ನನ್ನ ಪತ್ರ ಕೆಲಸ ಮಾಡಿತೆಂದು, ನಿಮ್ಮೆದುರು ಮುಚ್ಚಿಡುವುದೇನು, ನಾನು ಹಿಗ್ಗಿದೆ.

ಅದಾದ ಮುಂದಿನ ಬುಧವಾರ ಸಂಜೆ ಆರಕ್ಕೆ ಅಭ್ಯಾಸ. ಮೇ ತಿಂಗಳು, ಬಿಸಿಲು ಇನ್ನೂ ಹೊಳೆಯ ಮೇಲೆ ಧಾರಾಳವಾಗಿ ಬಿದ್ದಿತ್ತು. ಆಫ್ರೀನಳನ್ನು ಕೂರಿಸಿಕೊಂಡು ಬಾಯ್ನ್ ನದಿಯ ಸೇತುವೆಯ ಹತ್ತಿರ ಬಂದಾಗ, ರಸ್ತೆಯ ಬದಿಯಲ್ಲಿ ಅಡ್ಡಾದಿಡ್ಡಿ ನಿಂತ ಬೇಕರಿಯ ವ್ಯಾನು ಕಂಡಿತು. ಬಾಗಿಲು ಹಾರುಹೊಡೆದಿತ್ತು. ತುಸು ದೂರದಲ್ಲಿ, ಕೊರಳಲ್ಲಿ ಸೀಟಿ ಹಾಕಿಕೊಂಡು, ಆಗ್ರೋನ್ ಸೇತುವೆಯ ಕಂಬಿ ಹಿಡಿದು ನಿಂತಿದ್ದರು. ವ್ಯಾನು ಕೆಟ್ಟಿರಬೇಕೆಂದುಕೊಂಡು ನಿಲ್ಲಿಸಿ ಇಳಿದು, ಆಗ್ರೋನ್, ಏನಾಯಿತು ಎಂದು ಕೇಳಿದೆ.

ಅವರು ತಿರುಗಿದರು. ಆ ನೋಟವನ್ನು ಹೇಗೆ ವರ್ಣಿಸಲಿ? ಸಿಟ್ಟಿರಲಿಲ್ಲ, ನಾಚಿಕೆಯಿರಲಿಲ್ಲ. ಪರವೂರಿನಲ್ಲಿ ಬಸ್ಸಿಳಿದವನು ಎದುರಿಗೆ ಸಿಕ್ಕ ಹೆಂಗಸನ್ನು ನೋಡುವ ಹಾಗೆ, ವಿನಯದಿಂದ, ನನ್ನನ್ನು ನೋಡಿದರು. ನನಗೆ ತಿಳಿಯದ ಅವರ ಭಾಷೆಯಲ್ಲಿ ಏನೋ ಕೇಳಿದರು. ಅಷ್ಟರಲ್ಲಿ ಆಫ್ರೀನ್ ಇಳಿದು ಬಂದು "ಕೋಚ್?" ಎಂದಳು. ಅವರು ಅವಳತ್ತ ಬಾಗಿ, ಇಂಗ್ಲಿಷಿನಲ್ಲಿ, ಒಂದೊಂದೇ ಪದವನ್ನು ಕತ್ತಲಲ್ಲಿ ತಡವಿ ತೆಗೆಯುವವರಂತೆ ಕೇಳಿದರು:

"ಮಗೂ, ಆಟದ ಮೈದಾನಕ್ಕೆ ಯಾವ ಕಡೆ ಹೋಗಬೇಕು?"

ಹನ್ನೊಂದು ವರ್ಷ ಆ ಮೈದಾನಕ್ಕೆ ಹೋದವರು. ಅದು ಸೇತುವೆಯಿಂದ ಕೂಗಳತೆಯ ದೂರದಲ್ಲಿತ್ತು.

ಆಫ್ರೀನ್ ಬೆದರುವಳೆಂದುಕೊಂಡೆ. ಅವಳು ಅವರ ತೋಳು ಹಿಡಿದು, "ನಂಗೊತ್ತು, ನಾನೂ ಅಲ್ಲಿಗೇ ಹೊರಟಿದೀನಿ" ಎಂದಳು ಮೆಲ್ಲಗೆ. ಬೆದರಿದ್ದು ನಾನು. ವ್ಯಾನಿನ ಕೀಲಿ ತೆಗೆಯಲು ಹೋದಾಗ, ಮುಂದಿನ ಸೀಟಿನಲ್ಲಿ ತೆರೆದುಬಿದ್ದಿದ್ದ ಪುಟ್ಟ ನೋಟ್‌ಬುಕ್ಕು ಕಣ್ಣಿಗೆ ಬಿತ್ತು. ಬುಧವಾರ ಆರು ಗಂಟೆ, ಸೇತುವೆ ದಾಟಿ ಚರ್ಚಿನ ಬಳಿ ಬಲಕ್ಕೆ, ಎಂದು ದಪ್ಪ ಅಕ್ಷರದಲ್ಲಿ ದಾರಿ ಬರೆದಿತ್ತು. ಕೆಳಗೆ ಹದಿನಾರು ಹುಡುಗಿಯರ ಹೆಸರು, ಪ್ರತಿ ಹೆಸರಿನ ಮುಂದೆ ಗುರುತು. ಕೆಂಪು ಕೂದಲು. ಕನ್ನಡಕ. ಅವಳಿಗಳಲ್ಲಿ ಉದ್ದದವಳು. ಆಫ್ರೀನಳ ಹೆಸರಿನ ಮುಂದೆ: ಎಡಗಾಲು, ತುಂಬಾ ನಗುತ್ತಾಳೆ, ತಾಯಿ ಒಳ್ಳೆಯವರು, ಚಹಾ ಕೊಡುತ್ತಾರೆ.

ನೋಟ್‌ಬುಕ್ಕನ್ನು ಮುಚ್ಚಿಟ್ಟು, ಕೀಲಿ ತೆಗೆದುಕೊಂಡು ವ್ಯಾನಿಗೆ ಬೀಗ ಹಾಕಿದೆ.

ಅವರ ಹೆಂಡತಿ ಮಿರೆಲಾಗೆ ಫೋನು ಮಾಡಿ, ಅವರನ್ನು ಮನೆಗೆ ಕರೆದೊಯ್ದೆ. ಅವರು ಮಗ್ಗುಲ ಕೋಣೆಯಲ್ಲಿ ಮಲಗಿದ ಮೇಲೆ ಆಕೆ ಅಡುಗೆಮನೆಯಲ್ಲಿ, ನನ್ನ ಮುಖ ನೋಡದೆ, ಎಲ್ಲವನ್ನೂ ಹೇಳಿದರು. ಹದಿನಾರರ ವಯಸ್ಸಿನಿಂದ ಆಡಿದವರು. ಅಲ್ಲಿಯ ಕೋಚುಗಳು ನೆನೆದು ಕಲ್ಲಿನಂತಾದ ಚೆಂಡುಗಳನ್ನು ದಿನವೂ ಸಾಲಾಗಿ ಆಟಗಾರರ ಹಣೆಗೆ ಎಸೆಯುತ್ತಿದ್ದರಂತೆ. ತಲೆ ಸುತ್ತಿ ವಾಂತಿ ಮಾಡಿಕೊಂಡವನನ್ನು ಹೇಡಿ ಅನ್ನುತ್ತಿದ್ದರಂತೆ. ಆ ವಿಡಿಯೋದ ದಿನ ಪ್ರಜ್ಞೆ ತಪ್ಪಿದ ಆಗ್ರೋನರ ಮುಖಕ್ಕೆ ನೀರು ಹೊಡೆದು ಎಬ್ಬಿಸಿ ಮತ್ತೆ ಆಡಿಸಿದರು. ತಾವು ಗೋಲು ಹೊಡೆದದ್ದು ಅವರಿಗೆ ಮರುದಿನ ಬೇರೆಯವರು ಹೇಳಿ ಗೊತ್ತಾಯಿತು. ಮೂರು ವರ್ಷದ ಹಿಂದೆ ಮರೆವು ಶುರುವಾಯಿತು.

"ಚೆಂಡಿನಿಂದಲೇ ಹೀಗಾಯಿತು ಅಂತ ಡಾಕ್ಟರು ಖಡಾಖಂಡಿತ ಹೇಳಲಿಲ್ಲ, ಇರಬಹುದು ಅಂದರು. ಅವರಿಗೆ ಅಷ್ಟೇ ಸಾಕಾಯಿತು" ಎಂದರು ಮಿರೆಲಾ.

"ಯಾಕೆ ನಮಗೆ ಹೇಳಲಿಲ್ಲ?"

"ಹೇಳಿದ್ದರೆ ಹುಡುಗಿಯರನ್ನು ಇವರ ಕೈಗೆ ಬಿಡುತ್ತಿದ್ದಿರಾ? ಈ ಮನೆಯಲ್ಲಿ ಅವರು ಹೆಸರು ಮರೆಯುತ್ತಾರೆ, ವಾರ ಮರೆಯುತ್ತಾರೆ. ಅಲ್ಲಿ ಸೀಟಿ ಊದಿದ ಕೂಡಲೇ ಎಲ್ಲವೂ ಸರಿ, ಇಲ್ಲಿಯವರು ಹೇಳುವ ಹಾಗೆ ಗ್ರ್ಯಾಂಡ್."

ನನಗೆ ಒಮ್ಮೆಲೇ ಸಿಟ್ಟೂ ಬಂತು. ಮಕ್ಕಳು ಓಡಾಡುವ ಜಾಗಕ್ಕೆ ಈ ಸ್ಥಿತಿಯಲ್ಲಿ ವ್ಯಾನು ಓಡಿಸಿಕೊಂಡು ಬರುತ್ತಿದ್ದರಲ್ಲ! ಅದನ್ನು ಹೇಳಿಯೂಬಿಟ್ಟೆ. ಮಿರೆಲಾ ಅಳುತ್ತಾ, ಎದ್ದು, ವ್ಯಾನಿನ ಕೀಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಅಂದಿನಿಂದ ಆಗ್ರೋನ್ ವ್ಯಾನು ಓಡಿಸಲಿಲ್ಲ.

ಗೆಳೆಯರೇ, ನಮ್ಮ ನುಡಿ ತಲೆಯನ್ನು ಎಷ್ಟೆಲ್ಲ ಕೆಲಸಕ್ಕೆ ಹಚ್ಚುತ್ತದೆ ನೋಡಿ. ಬೇಡದ ಕಡೆ ತಲೆ ಹಾಕುತ್ತೇವೆ, ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳುತ್ತೇವೆ, ಊರ ಭಾರವನ್ನೆಲ್ಲ ತಲೆಗೆ ಕಟ್ಟುತ್ತೇವೆ, ಕೊನೆಗೆ ಏನೇ ಬಂದರೂ ಹಣೆಬರಹ ಎಂದು ಆ ಬಡಪಾಯಿ ಹಣೆಯ ಮೇಲೇ ಹೊರಿಸುತ್ತೇವೆ. ಬ್ರಹ್ಮ ಬರೆದನೋ ಅಲ್ಲಾಹ್ ಬರೆದನೋ, ಬರೆದದ್ದು ಅಳಿಯದು ಎಂದೇ ನಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ ಕೇಳಿ ಬೆಳೆದವಳು ನಾನು. ಆದರೆ ಈ ಮನುಷ್ಯನ ಹಣೆಯ ಮೇಲಿನ ಬರಹವನ್ನು ಯಾರು ಬರೆದರು? ಚಪ್ಪಾಳೆ ಹೊಡೆದ ನಾವೆಲ್ಲ, ಒಂದೊಂದೇ ಚೆಂಡಿನಷ್ಟು. ಮತ್ತು ಆ ಚಪ್ಪಾಳೆಯನ್ನು ನನ್ನ ಮಗಳ ಹಣೆಗೂ ಕೊಡಿಸಲೆಂದು ನಾನು ಚೊಕ್ಕ ಇಂಗ್ಲಿಷಿನಲ್ಲಿ ಅರ್ಜಿ ಹಾಕಿದ್ದೆ.

ಮೂರು ದಿನ ಬಿಟ್ಟು ಹೋಗಿ, ಪತ್ರ ಬರೆದವಳು ನಾನೇ ಎಂದು ಹೇಳಿದೆ. ಆ ದಿನ ಅವರ ಬುದ್ಧಿ ತಿಳಿಯಾಗಿತ್ತು. ನಕ್ಕರು. "ಗೊತ್ತಿತ್ತು. ಅಷ್ಟು ಉದ್ದದ ವಾಕ್ಯ ಇಲ್ಲಿ ಇನ್ಯಾರು ಬರೀತಾರೆ? ಮಗಳಿಗಾಗಿ ಜಗಳ ಆಡಿದಿರಿ. ನಾನೂ ಅವಳಿಗಾಗಿಯೇ ಆಡಿದೆ." ಹಗುರಾಗಿ ಮನೆಗೆ ಬಂದೆ. ಎರಡು ವಾರದ ಮೇಲೆ ಬ್ರೆಡ್ಡು, ಚೀಸು ಹಿಡಿದು ನೋಡಲು ಹೋದಾಗ, ಅವರು ನನ್ನ ಕೈ ಹಿಡಿದು ತಗ್ಗಿದ ದನಿಯಲ್ಲಿ, "ಯಾರೋ ನನ್ನ ಮೇಲೆ ಪತ್ರ ಬರೆದಿದಾರಂತೆ, ಯಾರು ಅಂತ ನಿಮಗೇನಾದರೂ ಗೊತ್ತಾ?" ಎಂದರು.

ಆ ಕ್ಷಣದ ಆಘಾತ ಸೇತುವೆಯ ಮೇಲಿನದಕ್ಕಿಂತ ದೊಡ್ಡದು. ನನಗೆ ಸಿಕ್ಕಿದ್ದ ಕ್ಷಮೆ ಅವರ ನೆನಪಿನ ಜೊತೆಗೇ ಅಳಿಸಿಹೋಗಿತ್ತು. ಸುಮ್ಮನಿರಬಹುದಿತ್ತು. ಮತ್ತೆ ಹೇಳಿದೆ. ಈ ಸಲ ಅವರು ನಗಲಿಲ್ಲ. ಮುಖ ಕೆಂಪಾಯಿತು. "ನನ್ನ ಹುಡುಗಿಯರನ್ನು ನನ್ನಿಂದ ಕಿತ್ತುಕೊಂಡವರು ನೀವಾ? ಒಂದು ಮಾತು ಕೇಳಬಹುದಿತ್ತಲ್ಲ! ಹೊರಗೆ ಹೋಗಿ!" ಎಂದು ಕೂಗಿದರು. ನಾನು ಹೊರಗೆ ಬಂದೆ. ನಿಮಗೆ ವಿಚಿತ್ರವೆನಿಸಬಹುದು, ಮೊದಲಿನ ಕ್ಷಮೆಗಿಂತ ಈ ಬೈಗುಳವೇ ನನಗೆ ಸಲ್ಲಬೇಕಾದ್ದು ಎನಿಸಿತು.

ಆಗಸ್ಟಿನಲ್ಲಿ ಹೊಸ ಕೋಚ್ ತಂಡ ಸೇರಿದಳು, ಒಳ್ಳೆಯ ಹುಡುಗಿ. ಸಮಿತಿಯ ಮುಂದೆ ನಾನು ನಿಂತು ನನ್ನ ಪತ್ರವನ್ನು ಹಿಂತೆಗೆದುಕೊಂಡೆ. ಆಗ್ರೋನರ ಸಂಗತಿಯನ್ನು ಮಿರೆಲಾರ ಒಪ್ಪಿಗೆ ಪಡೆದು ಎಲ್ಲರಿಗೂ ಹೇಳಿದೆ. ತಲೆಯಿಂದ ಆಡುವುದು ಬಿಡುವುದು ಆಯಾ ಹುಡುಗಿಯ ಇಷ್ಟಕ್ಕೆ ಬಿಟ್ಟರು. ಹನ್ನೆರಡು ಜನ ಬಿಟ್ಟರು, ನಾಲ್ವರು ಆಡುತ್ತಾರೆ. ಆಫ್ರೀನ್ ಬಿಟ್ಟವಳು. ಆಗಾಗ ಸೋಲುತ್ತೇವೆ. ಪ್ರತಿ ಶನಿವಾರ ಮಿರೆಲಾ ಗಂಡನನ್ನು ಕರೆತಂದು ಗೆರೆಯ ಬಳಿ ಕುರ್ಚಿ ಹಾಕಿ ಕೂರಿಸುತ್ತಾರೆ.

ಕಳೆದ ವಾರ ಪಂದ್ಯದ ನಡುವೆ ಅವರು ನನ್ನತ್ತ ವಾಲಿ, ಇಲ್ಲಿ ಮೊದಲು ಇನ್ನೊಬ್ಬ ಕೋಚ್ ಇದ್ದನಲ್ಲವೇ ಎಂದು ಕೇಳಿದರು. ಮಿರೆಲಾ ಬೇಡವೆಂಬಂತೆ ಕಣ್ಣಿನಲ್ಲೇ ತಡೆದರು. ಆದರೂ ನಾನು ಹೇಳತೊಡಗಿದೆ. ಒಬ್ಬ ಕೋಚ್ ಇದ್ದರು, ಮಕ್ಕಳ ತಲೆಗೆ ಚೆಂಡು ತಾಗಲು ಬಿಡುತ್ತಿರಲಿಲ್ಲ. ಒಬ್ಬ ಹೆಂಗಸು ಏನೂ ಕೇಳದೆ ಅವರ ಮೇಲೆ ಪತ್ರ ಬರೆದಳು. ಆ ಹೆಂಗಸು ನಾನು. ಅವರು ಬೇರೆ ಯಾರದೋ ಕತೆಯೆಂಬಂತೆ, ಗಲ್ಲಕ್ಕೆ ಕೈಯಿಟ್ಟು, ಪೂರ್ತಿ ಕೇಳಿದರು.

"ಆ ಕೋಚ್ ಹೇಳಿದ್ದು ಸರಿಯಿತ್ತಾ?" ಎಂದರು ಕೊನೆಗೆ.

"ಸರಿಯಿತ್ತು" ಎಂದೆ.

"ಹಾಗಿದ್ದರೆ ಅವನಿಗೆ ಹೇಳಿ. ಸಿಕ್ಕಾಗ ಮರೀಬೇಡಿ" ಎಂದು ಹೇಳಿ, ಅವರು ಮತ್ತೆ ಆಟದ ಕಡೆ ತಿರುಗಿದರು.