ಓನರ್ ಆಂಟಿ ಕೊಟ್ಟ ನೋಟಿಸ್

ಗೇಮ್ ಆಡಲು ಕೂರುವ ಮೊದಲು ಅವರು ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಕೆಳಗೆ ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಎಡಗೈ ಹೆಬ್ಬೆರಳಿನ ತುದಿಯಲ್ಲಿ ಹುರುಳಿಕಾಳಿನಷ್ಟು ಚರ್ಮ ಗಟ್ಟಿಯಾಗಿತ್ತು. ರಾಗಿ ಮುದ್ದೆ ತಿರುವಿ ಬಂದದ್ದಲ್ಲ, ವರ್ಷಗಟ್ಟಲೆ ಕಂಟ್ರೋಲರ್ ತಿರುವಿ ಬಂದದ್ದು. ಕೆನ್ನೆಗೆ ಅರಿಶಿನ, ಮುಡಿಯಲ್ಲಿ ಮಲ್ಲಿಗೆ, ಕಣ್ಣು ಟಿವಿಯ ಮೇಲೆ. ಪಕ್ಕದ ಕುರ್ಚಿಯಲ್ಲಿ ಯಜಮಾನರು ತೂಕಡಿಸುತ್ತಿರುತ್ತಿದ್ದರು.

ಅವರು ನಮ್ಮ ಓನರ್ ಆಂಟಿ. ಮಾರೇನಹಳ್ಳಿಯಲ್ಲಿ ಕೆಳಗಡೆ ಅವರ ಮನೆ, ಮೇಲೆ ಬಾಡಿಗೆಗೆ ನಾವು. ಬಹಳ ಒಳ್ಳೆಯ ಓನರ್ ಎಂದು ನಾನು ಬರೆದರೆ ಅಮ್ಮ ಒಪ್ಪುವುದಿಲ್ಲ. ಗೋಡೆಗೆ ಮೊಳೆ ಹೊಡೆದ ಸದ್ದು ಕೇಳಿದರೆ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದರು. ನೆಂಟರು ಎರಡು ದಿನ ಹೆಚ್ಚು ಉಳಿದರೆ ನೀರಿನ ವಿಷಯ ತೆಗೆಯುತ್ತಿದ್ದರು. ಮಕ್ಕಳಿಗೆಂದು ತಂದ ಟಿವಿ ಗೇಮನ್ನು ಮಕ್ಕಳು ಬಿಟ್ಟರಂತೆ, ಆಂಟಿ ಬಿಡಲಿಲ್ಲ. ಆಗ ಪಿಯುಸಿಯಲ್ಲಿದ್ದ ನಾನು ಕಾಲೇಜು ಮುಗಿಸಿ ಬಂದವಳು ಮೇಲೆ ಹತ್ತುವ ಬದಲು ಕೆಳಗೇ ಉಳಿಯತೊಡಗಿದೆ.

ಗೇಮ್ ಕಂಪನಿಗಳ ಬಗ್ಗೆ ಆಂಟಿಗೆ ಇದ್ದ ಅಭಿಪ್ರಾಯಗಳೆಲ್ಲ ಒಬ್ಬ ಓನರಿನ ಅಭಿಪ್ರಾಯಗಳು. ಅರ್ಧಂಬರ್ಧ ಗೇಮ್ ಮಾರಿ ಆಮೇಲೆ ಅಪ್‌ಡೇಟ್ ಕಳಿಸಿದರೆ, "ಗೃಹಪ್ರವೇಶ ಆದ್ಮೇಲೆ ಛಾವಣಿಗೆ ಮೋಲ್ಡ್ ಹಾಕ್ತಾರಂತೆ ಕಣೇ" ಎನ್ನುತ್ತಿದ್ದರು. ಗೇಮಿನೊಳಗೆ ಇನ್ನೊಂದು ಹಂತಕ್ಕೆ ಬೇರೆ ದುಡ್ಡು ಕೇಳಿದರೆ, "ಮನೆ ಕೊಟ್ಟು ಬಾತ್‌ರೂಮಿನ ಬೀಗದ ಕೈ ಇಟ್ಕೊಂಡವರು" ಎನ್ನುತ್ತಿದ್ದರು. ಯಾವ ಕಂಪನಿಯ ಕನ್ಸೋಲ್, ಅಂದರೆ ಗೇಮ್ ಆಡುವ ಪೆಟ್ಟಿಗೆ, ದೊಡ್ಡದು ಎಂದು ನಾನು ಇಂಟರ್‌ನೆಟ್‌ನಲ್ಲಿ ಯಾರ ಜೊತೆಗೋ ಕಿತ್ತಾಡುತ್ತಿದ್ದಾಗ ಫೋನ್ ಕಸಿದುಕೊಂಡಿದ್ದರು.

"ಇಬ್ಬರು ಓನರ್ ಜಗಳ ಆಡಿದ್ರೆ ಬಾಡಿಗೆಯವರು ಯಾಕೆ ಕೂದಲು ಹಿಡ್ಕೋಬೇಕು? ಹೋಗಿ ಓದ್ಕೋ."

ಆ ಮಾತು ನನ್ನನ್ನು ಸರಿಯಾಗಿಯೇ ಚುಚ್ಚಿತು. ಅದಾದ ಮೇಲೆ ಯಾವ ಕಂಪನಿಯ ಪರವಾಗಿಯೂ ನಾನು ಬಾಯಿ ನೋಯಿಸಿಕೊಂಡಿಲ್ಲ.

ಅವರ ಪ್ರಾಣವೆಲ್ಲ ಇದ್ದದ್ದು ಒಂದು ಊರು ಕಟ್ಟುವ ಗೇಮಿನಲ್ಲಿ. ಎಲ್ಲರೂ ಅದರಲ್ಲಿ ಗೋಪುರ, ಫ್ಲೈಓವರ್ ಕಟ್ಟಿದರೆ ಆಂಟಿ ಕಟ್ಟಿದ್ದು ಲೇಔಟ್ ಆಗುವ ಮೊದಲಿನ ಮಾರೇನಹಳ್ಳಿಯನ್ನು. ತಾವು ಚಿಕ್ಕವರಿದ್ದಾಗ ನೋಡಿದ ಕೆರೆ, ಹುಣಸೆ ತೋಪು, ಅವರಪ್ಪನ ರಾಗಿ ಹೊಲ, ಹೊಲದ ಬದುವಿನ ಮೇಲೆ ಕಲ್ಲುಚಪ್ಪಡಿಯ ಬಾವಿ. ಗೇಮಿನಲ್ಲಿ ರಾಗಿ ಇರಲಿಲ್ಲ, ಗೋಧಿಯನ್ನೇ ರಾಗಿ ಎಂದುಕೊಂಡಿದ್ದರು. ಅದು ಡಿಸ್ಕಿನಲ್ಲಿ ಬಂದ ಗೇಮ್ ಅಲ್ಲ. ದುಡ್ಡು ಕಟ್ಟಿ ಡೌನ್‌ಲೋಡ್ ಮಾಡಿಕೊಂಡದ್ದು, ಕಂಪನಿಯ ಸರ್ವರ್ ಇಲ್ಲದೆ ನಡೆಯದು.

ಒಂದು ಮಧ್ಯಾಹ್ನ ಪರದೆಯ ಮೇಲೆ ಇಂಗ್ಲಿಷ್ ಸೂಚನೆ ಬಂತು. ನಾನು ಓದಿ ಹೇಳಿದೆ: ಮುಂದಿನ ತಿಂಗಳು ಸರ್ವರ್ ಮುಚ್ಚುತ್ತಾರೆ, ಗೇಮ್ ತೆರೆಯುವುದಿಲ್ಲ, ಕಟ್ಟಿದ ಊರು ಉಳಿಯುವುದಿಲ್ಲ. ಆಂಟಿ ಎದ್ದು ಹೋಗಿ ಕ್ಯಾಲೆಂಡರ್ ನೋಡಿ ಬಂದರು.

"ಆಷಾಢದಲ್ಲಿ ಯಾರಾದ್ರೂ ಖಾಲಿ ಮಾಡಿಸ್ತಾರೇನೇ?"

"ಅವರ ಸರ್ವರ್ ಆಂಟಿ, ಅವರು ಮುಚ್ತಾರೆ. ನಾವೇನು ಮಾಡೋಕಾಗುತ್ತೆ?"

"ದುಡ್ಡು ತಗೊಳ್ವಾಗ ಆ ಬಟನ್ ಮೇಲೆ ಏನಂತ ಬರೆದಿದ್ರು? ಕೊಂಡ್ಕೊಳ್ಳಿ ಅಂತ ತಾನೆ? ಬಾಡಿಗೆ ಅಂತ ಇತ್ತಾ?"

"ಇಲ್ಲ."

"ಮತ್ತೆ? ಬಾಡಿಗೆ ಅಂದ್ರೆ ಏನು ಅಂತ ನನಗೆ ಹೇಳಿಕೊಡಬೇಕಾ ಅವರು?"

ಮರುದಿನ ನನ್ನನ್ನೂ ಎಳೆದುಕೊಂಡು ಮಾರುತಿ ಮಂದಿರದ ಹತ್ತಿರದ ಲಾಯರ್ ಆಫೀಸಿಗೆ ಹೋದರು. ಆಂಟಿಯ ಬಾಡಿಗೆ ಕರಾರುಪತ್ರಗಳನ್ನೆಲ್ಲ ಬರೆದವರು ಆ ಲಾಯರೇ. ಲಾಯರಿಗೂ ಬೇರೆ ಮಾದರಿ ಗೊತ್ತಿರಲಿಲ್ಲವೋ ಏನೋ, ಮನೆ ಖಾಲಿ ಮಾಡಿಸುವುದರ ವಿರುದ್ಧ ಕೊಡುವ ನೋಟಿಸನ್ನೇ ತೆಗೆದು ಹೆಸರು ತಿದ್ದಿದರು. ನೋಟಿಸ್ ಎಂದ ಮೇಲೆ ಸ್ವತ್ತಿನ ನಾಲ್ಕು ದಿಕ್ಕಿನ ಚಕ್ಕುಬಂದಿ ಇರಲೇಬೇಕು ಎಂದು ಆಂಟಿ ಹಟ ಹಿಡಿದರು. ಇಲ್ಲದ ಊರಿಗೆ ಗಡಿ ಬರೆಸಿದರು: ಪೂರ್ವಕ್ಕೆ ಕೆರೆ, ಪಶ್ಚಿಮಕ್ಕೆ ಹುಣಸೆ ತೋಪು, ಉತ್ತರಕ್ಕೆ ಗಾಡಿ ದಾರಿ, ದಕ್ಷಿಣಕ್ಕೆ ಅವರಪ್ಪನ ಹೊಲ. ಲಾಯರ್ ನಗದೆ ಬರೆದುಕೊಂಡರು. ಆಷಾಢದ ಮಾತು ಬಂದಾಗ ಮಾತ್ರ ಪೆನ್ನು ಕೆಳಗಿಟ್ಟರು.

"ಮೇಡಂ, ಆಷಾಢ ಅನ್ನೋದು ಕಾನೂನಲ್ಲಿ ಬರಲ್ಲ."

"ಬರೀರಿ ಸಾರ್. ನನ್ನ ಬಾಡಿಗೆಯವರಿಗೆ ನಾನು ಕೊಡೋ ಮರ್ಯಾದೆ ಅದು. ನನಗೂ ಅವರು ಕೊಡ್ಲಿ."

ಬರೆದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಆಷಾಢಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ತಿಳಿಯದೆ ಆಷಾಢ ಎಂದೇ ಬರೆದೆ. ಹೊರದೇಶದ ಆ ಕಂಪನಿಗೆ ಈಮೇಲ್ ಮಾಡಿದೆವು, ರಿಜಿಸ್ಟರ್ ಅಂಚೆಯಲ್ಲೂ ಕಳಿಸಿದೆವು. ಈಮೇಲಿಗೆ ಉತ್ತರ ಬಂತು. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ನಮ್ಮ ಹೊಸ ಗೇಮಿಗೆ ಈ ರಿಯಾಯಿತಿ ಕೂಪನ್ ಬಳಸಿಕೊಳ್ಳಿ.

"ಊರು ಕಿತ್ಕೊಂಡು ಅಂಗಡಿಯವರ ಹಾಗೆ ಪುಕ್ಕಟೆ ಕ್ಯಾಲೆಂಡರ್ ಕೊಡ್ತಾರೆ," ಎಂದರು ಆಂಟಿ. ಕೂಪನ್ ಬಳಸಲಿಲ್ಲ.

ಕೊನೆಯ ದಿನ ಅಡುಗೆ ಬೇಗ ಮುಗಿಸಿ ಕೂತರು. ಪರದೆಯೊಳಗಿನ ಊರೆಲ್ಲ ನನ್ನನ್ನು ಸುತ್ತಿಸಿದರು. ಇಲ್ಲಿ ನಮ್ಮಜ್ಜಿ ಹಸು ಕಟ್ಟುತ್ತಿದ್ದದ್ದು, ಇಲ್ಲಿ ನಾನು ಜಾರಿ ಬಿದ್ದದ್ದು, ಈಗ ನೀನು ಕೂತಿರುವ ಜಾಗವೇ ಈ ಬದು. ಬಾವಿಯ ಹತ್ತಿರ ನಿಂತಿದ್ದಾಗ ಪರದೆ ಕಪ್ಪಾಯಿತು, ಸಂಪರ್ಕ ಇಲ್ಲ ಎಂಬ ಒಂದು ಸಾಲು ಬಂತು. ನನಗೆ ಅಳು ಬಂತು. ಆಂಟಿಗೆ ಬಂದದ್ದು ಸಿಟ್ಟು.

"ಲೇಔಟಿಗೆ ಅಂತ ನಮ್ಮಪ್ಪನ ಹೊಲ ತಗೊಂಡಾಗ ಮನೆ ಬಾಗಿಲಿಗೆ ಬಂದು, ಕೂತು, ಕಾಗದ ಕೊಟ್ಟು ತಗೊಂಡ್ರು. ಇವರಿಗೆ ಅಷ್ಟೂ ಇಲ್ಲ. ಇನ್ಮೇಲೆ ನನ್ನ ಕೈಗೆ ಸಿಗದೇ ಇರೋ ಗೇಮ್ ಈ ಮನೆ ಹೊಸ್ತಿಲು ದಾಟಲ್ಲ."

ದಾಟಲಿಲ್ಲ. ಡಿಸ್ಕ್ ಇದ್ದರೆ ಮಾತ್ರ ಕೊಂಡರು, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಆಡಿ ಮುಗಿಸಿದ್ದನ್ನು ಬೀದಿಗೆಲ್ಲ ಹಂಚಿದರು. ಎದುರು ಮನೆಯ ಡೆಂಟಿಸ್ಟ್ ಒಯ್ದರು, ಮೇಲಿಂದ ಇಳಿದು ನಮ್ಮಪ್ಪನೂ ಒಯ್ದರು. ಆಂಟಿಯ ಮಗಳು ಹಬ್ಬಕ್ಕೆಂದು ಡಿಸ್ಕ್ ಹಾಕುವ ಜಾಗವೇ ಇಲ್ಲದ ಹೊಸ ಕನ್ಸೋಲ್ ತಂದಾಗ ನಾಲ್ಕೂ ಕಡೆ ತಿರುಗಿಸಿ ನೋಡಿ, ಮತ್ತೆ ಡಬ್ಬಿಗೆ ಹಾಕಿ ಅವಳ ಕೈಗೇ ಕೊಟ್ಟುಬಿಟ್ಟರು.

"ಇದ್ರಿಂದ ಏನೂ ತೆಗೆದು ಇನ್ನೊಬ್ಬರಿಗೆ ಕೊಡೋಕಾಗಲ್ಲ. ಹಾಗಿದ್ಮೇಲೆ ಒಳಗಿರೋದು ನಂದು ಹೇಗಾಗುತ್ತೆ?"

"ಕಾಲ ಹಾಗಿದೆ ಅಮ್ಮ," ಎಂದಳು ಮಗಳು.

"ಇರ್ಲಿ. ನಾನು ಹೀಗಿದೀನಿ."

ಆಮೇಲೆ ನಾವು ಕೆಂಗೇರಿಗೆ ಬಂದೆವು. ಹೋದ ವರ್ಷ ಆಂಟಿ ತೀರಿಕೊಂಡರು. ತಿಥಿಯ ದಿನ ಊಟವಾದ ಮೇಲೆ ಅವರ ಮಗಳು ಫೋನ್ ಹಿಡಿದು ಒಂದು ಮೂಲೆಯಲ್ಲಿ ಕೂತಿದ್ದಳು. ಡಿಸ್ಕಿಗೆ ಬದಲಾಗುವ ಮೊದಲು ಆಂಟಿ ಡೌನ್‌ಲೋಡ್ ಮಾಡಿಕೊಂಡಿದ್ದ ಬೇರೆ ಗೇಮುಗಳಿದ್ದವಲ್ಲ, ಆ ಅಕೌಂಟನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಕನ್ಸೋಲ್ ಕಂಪನಿಗೆ ಕೇಳಿದ್ದಳಂತೆ. ಸಂತಾಪ ಸೂಚಿಸಿ ಆಗುವುದಿಲ್ಲ ಎಂದಿದ್ದರು. ಅಕೌಂಟ್ ಒಬ್ಬರಿಗೆ ಮಾತ್ರ, ಅವರು ಹೋದರೆ ಮುಗಿಯಿತು.

"ಅಮ್ಮ ಸರಿಯಾಗೇ ಹೇಳ್ತಿದ್ರು ಅಲ್ವಾ," ಎಂದು ಅವಳು ಒಳಗೆ ಹೋಗಿ ಒಂದು ಭಾರದ ಬಟ್ಟೆ ಚೀಲ ತಂದು ನನ್ನ ತೊಡೆಯ ಮೇಲಿಟ್ಟಳು. "ಡಿಸ್ಕ್‌ಗಳು. ಮೇಲಿನ ಮನೆ ಹುಡುಗಿಗೆ ಕೊಡು ಅಂತ ಹೇಳಿದ್ರು."

ಆಫೀಸಿನಲ್ಲಿ ಗೆಳೆಯರು ನನ್ನನ್ನು ನೋಡಿ ನಗುತ್ತಾರೆ. ಈ ಕಾಲದಲ್ಲಿ ಡಿಸ್ಕ್ ಇಟ್ಟುಕೊಂಡು ಕೂತಿದ್ದಾಳೆ, ಇವಳೊಬ್ಬಳ ಹಟಕ್ಕೆ ಯಾವ ಕಂಪನಿ ಹೆದರುತ್ತದೆ ಎನ್ನುತ್ತಾರೆ. ಯಾವುದೂ ಹೆದರುವುದಿಲ್ಲ, ನನಗೂ ಗೊತ್ತು. ಆದರೆ ನನ್ನ ಮನೆಯ ಬೀರುವಿನಲ್ಲಿರುವ ಗೇಮುಗಳನ್ನು ನನಗೆ ಆಂಟಿ ಕೊಟ್ಟರು. ಕೊಡುವುದಕ್ಕೆ ಅವು ಅವರದಾಗಿದ್ದವು.