ಬಿಸ್ಕತ್ ಡಬ್ಬದ ಡ್ರಮ್ಮು

ಹೊಳೆನರಸೀಪುರಕ್ಕೆ ಓದಲು ಬಂದಿದ್ದ ಹಳ್ಳಿ ಹುಡುಗರು ನಾವು ಮೂವರು. ಹೈಸ್ಕೂಲಿನಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳದಿದ್ದಾಗ ನಾವೇ ಬ್ಯಾಂಡು ಕಟ್ಟಿದೆವು. ನಮ್ಮ ಡ್ರಮ್ಮಿನವನು ಅರಕಲಗೂಡು ಕಡೆಯವನು. ಬಿಸ್ಕತ್ತಿನ ತಗಡು ಡಬ್ಬವನ್ನು ಮಂಡಿಗಳ ನಡುವೆ ಅವುಚಿಕೊಂಡು, ಕಣ್ಣು ಮುಚ್ಚಿ ಬಾರಿಸುತ್ತಿದ್ದ. ನಾವು ತಪ್ಪಿದರೆ, "ನಿಲ್ಲಿಸ್ಬ್ಯಾಡ್ರಲಾ, ಓಗ್ತಾ ಇರಿ" ಎನ್ನುತ್ತಿದ್ದ.

ವಾರ್ಷಿಕೋತ್ಸವದಲ್ಲಿ, ಹೋಟೆಲಿನ ರೇಡಿಯೋದಿಂದ ಕಲಿತ ಇಂಗ್ಲಿಷ್ ಹಾಡೊಂದನ್ನು ಶುರು ಮಾಡಿದೆವು. ಮುಂದಿನ ಸಾಲಿನವರು ಗೊಳ್ಳೆಂದರು. ಹೆಡ್ಮಾಸ್ಟರು ಬೆತ್ತ ಹಿಡಿದು ವೇದಿಕೆ ಹತ್ತಿ, "ನಿಲ್ಸ್ರೋ ಈ ಗಲಾಟೇನ" ಎಂದರು. ನನ್ನ ಮೌತ್ ಆರ್ಗನ್ ತುಟಿಯಿಂದ ಜಾರಿತು. ಗೆಳೆಯನ ಬುಲ್‌ಬುಲ್ ತರಂಗವೂ ನಿಂತಿತು. ಡ್ರಮ್ಮಿನವನು ಮಾತ್ರ ಬಾರಿಸುತ್ತಲೇ ಇದ್ದ. ಬೆತ್ತ ಮೇಲೆದ್ದಿತು, ಸಭೆಯ ನಗು ಅಡಗಿತು. ಹಾಡಿನ ಕೊನೆಯ ಪೆಟ್ಟಿನವರೆಗೂ ಬಾರಿಸಿಯೇ ಎದ್ದು ನಿಂತ.

"ಈಗ ಮುಗೀತು ಸಾ" ಎಂದು ಏಟಿಗೆ ಎಡಗೈ ಚಾಚಿದ. ಬಾರಿಸುವ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ.