ಕಾರಿಗೆ ಗಂಜಿ

ನಮ್ಮ ಮನೆಯಲ್ಲಿ ಕಾರಿಗೆ ಮೇಣ ಹಚ್ಚುವುದನ್ನು ಗಂಜಿ ಹಾಕುವುದು ಎನ್ನುತ್ತಾರೆ. ಅದು ಅಪ್ಪನ ಮಾತು. ಬನಹಟ್ಟಿಯಲ್ಲಿ ಜೀವಮಾನವೆಲ್ಲ ಮಗ್ಗ ನಡೆಸಿದವನು ಅವನು. ಹಾಸು ನೂಲು ಹರಿಯದಿರಲೆಂದು ಅದಕ್ಕೆ ಗಂಜಿ ಕುಡಿಸಿ, ಒಣಗಿಸಿ, ಆಮೇಲೆ ಮಗ್ಗಕ್ಕೆ ಏರಿಸುವುದು ಅವನಿಗೆ ಗೊತ್ತಿದ್ದ ಕೆಲಸ. ಕಪ್ಪು ಕಾರು ಮನೆಗೆ ಬಂದ ಹೊಸದರಲ್ಲಿ ಮೇಣದ ಡಬ್ಬಿಯನ್ನೂ ಅವನು ಹಾಗೆಯೇ ತಿಳಿದ. ದಪ್ಪಗೆ ಬಳಿದು, ಸುಡು ಬಿಸಿಲಿಗೆ ನಿಲ್ಲಿಸಿ, ಕಟ್ಟೆಯ ಮೇಲೆ ಕುಳಿತ. ಸಂಜೆಯ ಹೊತ್ತಿಗೆ ಕಾರು ಸುಣ್ಣ ಬಳಿದ ಗೋಡೆಯಂತಾಗಿತ್ತು. ಉಜ್ಜಿದರೂ ಬಿಡಲಿಲ್ಲ. ಮಗ್ಗದಿಂದ ಆಗಷ್ಟೇ ಇಳಿಸಿದ ಬಟ್ಟೆ ತಂದು ಉಜ್ಜಿದ. ಆ ಬಟ್ಟೆಯಲ್ಲೂ ಗಂಜಿ ಇತ್ತು. ಬಾನೆಟ್ಟಿನ ಮೇಲೆ ಕೂದಲೆಳೆಯಂಥ ಗೀರುಗಳೆದ್ದವು.

"ನೇಯೋರ ಕೈಗೆ ಕಾರ್ ಕೊಟ್ರ ಅದಕ್ಕೂ ಸೆರಗ ಹಚ್ಚತಾರ," ಎಂದು ಅವ್ವ ಬಾಗಿಲಲ್ಲಿ ನಿಂತು ನಕ್ಕಳು. ಒಳಗೆ ಹೋಗಿ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಹರಿದು ತಂದಳು. "ಇದರಲೇ ಒರಸ್ರಿ. ಇದರಾಗಿನ ಗಂಜಿ ಹೋಗಿ ಎಷ್ಟ ವರ್ಷಾತೋ."

ಅಂದಿನಿಂದ ಆ ಕೆಲಸ ನನ್ನದಾಯಿತು. ನಾನು ಪತ್ರಿಕೆಯ ವರದಿಗಾರ. ಸುದ್ದಿ ಇಲ್ಲದ ಬೆಳಗು ಸಿಕ್ಕರೆ ಕಾರನ್ನು ಬೇವಿನ ನೆರಳಿಗೆ ತಂದು ತೊಳೆಯುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಗಾಳಿಯೊಂದಿಗೆ ಬಂದು ಕೂರುವ ಸಕ್ಕರೆ ಕಾರ್ಖಾನೆಯ ಮಸಿಯನ್ನು ನೀರು ಹರಿಸಿಯೇ ಇಳಿಸಬೇಕು, ಒಣಗೈಯಲ್ಲಿ ಮುಟ್ಟಿದರೆ ಗೀರು. ನಂತರ ಸ್ಪಂಜಿನಲ್ಲಿ ಮೇಣವನ್ನು ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಸವರುತ್ತೇನೆ. ಅದು ಮಂಜು ಕವಿದಂತೆ ಮಬ್ಬಾಗುತ್ತದೆ. ಬೆರಳು ಎಳೆದ ಕಡೆ ಕಪ್ಪು ತಿಳಿಯಾಗಿ ಕಂಡರೆ ಒರೆಸುವ ಹೊತ್ತು ಬಂದಿತೆಂದು ಅರ್ಥ. ಮೊದಲ ಪದರ ಗಟ್ಟಿಯಾಗಿ ಕೂರುವ ತನಕ ಎರಡನೆಯದನ್ನು ಹಚ್ಚಬಾರದು. ಆ ನಡುವೆ ಮಾಡಲು ಏನೂ ಇರುವುದಿಲ್ಲ. ಪಕ್ಕದ ಓಣಿಯ ಮಗ್ಗಗಳ ಸದ್ದು ಕೇಳುತ್ತಾ ಕೇಳುತ್ತಾ ಕೇಳದಂತಾಗುತ್ತದೆ. ಬಾನೆಟ್ಟಿನ ಆಳದಲ್ಲಿ ಬೇವು ತಲೆಕೆಳಗಾಗಿ ತೂಗುತ್ತದೆ. ಅದರ ಕೆಳಗೆ, ಬಾವಿಯ ತಳದಲ್ಲಿ ಇದ್ದಂತೆ, ಆಕಾಶ. ಒಂದು ಹದ್ದು ಅಲ್ಲಿ ಈಜುತ್ತದೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋದರೆ ಕಾರಿನ ಬಾಗಿಲ ಮೇಲೆ ಹಸಿರೊಂದು ನಿಧಾನವಾಗಿ ಹರಿದು ಹೋಗುತ್ತದೆ. ತೊಳೆತಕ್ಕೂ ಬಿಸಿಲಿಗೂ ಮೇಣ ಸವೆಯುತ್ತದೆ, ಈ ನೀರಿನಂಥ ಲೋಕ ಮಾಸುತ್ತದೆ. ಮತ್ತೆ ಹಚ್ಚಿದರೆ ಮತ್ತೆ ಬರುತ್ತದೆ.

ಈಚೆಗೆ ಚಿಮ್ಮಡದ ತಿರುವಿನಲ್ಲಿ ಎಡಗಡೆಯಿಂದ ಬಂದ ಬೈಕು ಕಾರು ನಡೆಸುತ್ತಿದ್ದ ಅಪ್ಪನಿಗೆ ಕಾಣಲೇ ಇಲ್ಲ. ಬೈಕಿನವನು ಹೊಲಕ್ಕೆ ಇಳಿದು ಜೀವ ಉಳಿಸಿಕೊಂಡ. ಜಮಖಂಡಿಯ ಕಣ್ಣಿನ ಡಾಕ್ಟರು ಪರೀಕ್ಷಿಸಿ, ದೃಷ್ಟಿ ಅಂಚಿನಿಂದ ಒಳಕ್ಕೆ ಹೋಗುತ್ತಿದೆ, ಉಳಿದದ್ದೂ ಮಬ್ಬಾಗುತ್ತಿದೆ, ಇನ್ನು ಗಾಡಿ ನಡೆಸಬೇಡಿ ಎಂದರು. ಅಪ್ಪ ಒಪ್ಪಲಿಲ್ಲ. ಮನೆಗೆ ಬಂದವನೇ ಒಂದು ಕರಾರು ಹಾಕಿದ.

"ಬಾನೆಟ್ಟಿನ್ಯಾಗ ನನ್ನ ಮೀಸಿ ಕಾಣೂತನಕ ಚಾವಿ ನನ್ನ ಹಂತ್ಯಾಕ. ಕಾಣ್ಲಿಲ್ಲಂದ್ರ ನಿನಗ ಕೊಡ್ತೀನಿ. ಆತೇನು?"

"ಆತು," ಎಂದೆ.

ಅವ್ವ ನನ್ನನ್ನು ಅಡುಗೆ ಮನೆಗೆ ಕರೆದಳು. "ನೀ ಏನೂ ಹಚ್ಚಬ್ಯಾಡ. ಹಂಗ ಮಸಕ ಆಗ್ಲಿ ಬಿಡು. ನಿಮ್ಮಪ್ಪ ತಾನ ಚಾವಿ ಕೊಡ್ತಾನ."

"ಹಂಗ ಮಾಡಿದ್ರ ತಪ್ಪ ಕಾರಿಂದು, ಕಣ್ಣಿಂದಲ್ಲ ಅಂತಾನ ಬೇ. ನಾಳೆ ತಾನ ಹಚ್ಚಿ ಮತ್ತ ಹೊಂಟಬಿಡತಾನ."

ಅವಳು ಮತ್ತೆ ರೊಟ್ಟಿ ತಟ್ಟತೊಡಗಿದಳು.

ಮರುದಿನ ಬೆಳಿಗ್ಗೆ ಬಾನೆಟ್ಟನ್ನು ಎಂದಿಗಿಂತ ನಿಧಾನವಾಗಿ ತೊಳೆದು ಒಂದು ಪದರ ಹಚ್ಚಿ ಒರೆಸಿದೆ. ಅಪ್ಪ ಬಂದು ಬಗ್ಗಿದ. ಪಕ್ಕದಲ್ಲಿ ನಿಂತ ನನಗೆ ಬಾನೆಟ್ಟಿನಲ್ಲಿ ಅವನ ಮುಖ ಪೂರ್ತಿ ಕಾಣುತ್ತಿತ್ತು. ಬಿಳಿ ಮೀಸೆಯ ತುದಿಗೆ ಚಹಾದ ಕಂದು ಅಂಟಿದ್ದೂ ಕಾಣುತ್ತಿತ್ತು.

"ಇನ್ನೊಂದ ಗಂಜಿ ಹಾಕು," ಎಂದ.

ಕಾದು, ಹಾಕಿದೆ. ಮತ್ತೆ ಕಾದು ಒರೆಸಿದೆ. ಸಂಜೆಯ ಬೆಳಕಿಗೆ ಬೇವಿನ ಪ್ರತಿ ಎಲೆಯೂ ಅದರೊಳಗೆ ಬಿಡಿಬಿಡಿಯಾಗಿ ನಿಂತಿತ್ತು. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಈ ಸಲ ಚೇಷ್ಟೆ ಮಾಡಲಿಲ್ಲ.

ಅಪ್ಪ ಬಹಳ ಹೊತ್ತು ಬಗ್ಗಿ ನೋಡಿದ. "ಎಲ್ಲೋ ತಪ್ಪೈತಿ. ಮಬ್ಬೈತಿ," ಎಂದ. ಆಗ ಅವನು ಕೈ ತಿರುಗಿಸಿ, ಬೆರಳುಗಳ ಹಿಂಭಾಗವನ್ನು ಬಾನೆಟ್ಟಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಹಗುರವಾಗಿ ಎಳೆದ. ಹಾಸಿನಲ್ಲಿ ಗಂಜಿ ಸಮನಾಗಿ ಹಿಡಿದಿದೆಯೇ ಎಂದು ಮಗ್ಗದ ಮನೆಯಲ್ಲಿ ನೋಡುತ್ತಿದ್ದದ್ದು ಹೀಗೆಯೇ. ಇನ್ನೊಮ್ಮೆ ಎಳೆದ. ಕೈ ಎಲ್ಲಿಯೂ ತಡೆಯಲಿಲ್ಲ.

"ಗಂಜಿ ಛಲೋ ಕುಂತೈತಿ," ಎಂದ. ಬೆರಳುಗಳನ್ನು ನೋಡಿಕೊಂಡು, "ಗಂಜ್ಯಾಗ ಏನೂ ತಪ್ಪಿಲ್ಲ."

ಅಂಗಿಯ ಕಿಸೆಯಿಂದ ಚಾವಿ ತೆಗೆದು ಬಾನೆಟ್ಟಿನ ಮೇಲೆ ಇಡಲು ಹೋದವನು, ಗೀರು ಬಿದ್ದೀತೆಂದು ಕೈ ಹಿಂದಕ್ಕೆ ತೆಗೆದು, ನನ್ನ ಅಂಗೈಗೆ ಹಾಕಿದ.

ಈಗ ಬೀಳಗಿಯ ಕಡೆ ಹಿನ್ನೀರು ನೋಡಲು ಹೋದರೆ ಅವನು ಎಡಗಡೆಯ ಸೀಟಿನಲ್ಲಿ ಕೂರುತ್ತಾನೆ. ಮೇಣ ಮಾತ್ರ ತಾನೇ ಹಚ್ಚುತ್ತಾನೆ, ನೆರಳಿನಲ್ಲಿ, ತೆಳುವಾಗಿ, ಅವ್ವನ ಸೀರೆಯ ತುಂಡು ಹೆಗಲ ಮೇಲೆ. ಒರೆಸಿ ಮುಗಿದ ಮೇಲೆ ನನ್ನನ್ನು ಕೂಗುತ್ತಾನೆ.

"ಬಾರಲೇ, ನೋಡು. ನಿನ್ನ ಮೀಸಿ ಕಾಣತೈತೇನು?"

"ನನಗ ಮೀಸಿ ಎಲ್ಲೈತಪಾ?"

"ಹಂಗಾರ ಬಿಡು. ಬೇವಾದ್ರೂ ಕಾಣತೈತಿಲ್ಲೋ?"

ಬಗ್ಗಿ ನೋಡುತ್ತೇನೆ. ಬೇವು ಕಾಣುತ್ತದೆ, ಅದರ ಕೆಳಗೆ ಆಕಾಶ, ಆಕಾಶದ ಅಂಚಿನಲ್ಲಿ ಅವನು. ಕಾಣುತ್ತದೆ ಎನ್ನುತ್ತೇನೆ.